ಪದ್ಮಿನಿಯ ಮುಂದೆ ಜರ್ಮನಿ ಏನು ಮಹಾ

ಯುರೋಪಿನ ಕಾರು ನಮ್ಮ ದೇಶದಲ್ಲಿ ಬಾಳಿಕೆ ಬರುವುದಿಲ್ಲ ಎಂಬ ಮಾತನ್ನು ಎಲ್ಲಿ ಬೇಕಾದರೂ ಆಡಿ, ಮುಂಬಯಿಯ ಫೋರ್ಟಿನಲ್ಲಿ ಮಾತ್ರ ಆಡಬೇಡಿ. ವಿ.ಟಿ. ಸ್ಟೇಷನ್ನಿನಿಂದ ಹೊರಬಿದ್ದವರನ್ನು ಹುತಾತ್ಮ ಚೌಕಕ್ಕೋ ಬಲ್ಲಾರ್ಡ್ ಎಸ್ಟೇಟಿಗೋ ದಶಕಗಟ್ಟಲೆ ಹೊತ್ತು ತಿರುಗಿದವಳು ಯಾರು? ಕಪ್ಪು ಮೈ, ಹಳದಿ ತಲೆಯ ಪದ್ಮಿನಿ. ಟ್ಯೂರಿನ್ನಿನ ಮಗಳು, ಕುರ್ಲಾದ ಸೊಸೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕುರ್ಲಾದಲ್ಲಿ ತಯಾರಿಸುತ್ತಿದ್ದ ಫಿಯೆಟ್ 1100 ಡಿಲೈಟ್‌ಗೇ 1974ರಲ್ಲಿ ಈ ಹೆಸರು ಬಿತ್ತು. ಐವತ್ತರ ದಶಕದ ಗುಂಡುಗುಂಡಗಿನ ಫಿಯೆಟ್ಟನ್ನು ಇಲ್ಲಿಯ ಜನ ‘ಡುಕ್ಕರ್ ಫಿಯೆಟ್’, ಅಂದರೆ ಹಂದಿ ಫಿಯೆಟ್, ಎಂದು ಕರೆಯುತ್ತಿದ್ದರು. ಅಕ್ಕನಿಗೆ ಹಂದಿಯ ಹೆಸರು, ತಂಗಿಗೆ ಚಿತ್ತೋರಿನ ರಾಣಿಯ ಹೆಸರು! ಆ ಮನೆಯಲ್ಲಿ ನ್ಯಾಯ ಎಂಬುದು ಇರಲಿಲ್ಲ.

ಫೋರ್ಟಿನಲ್ಲಿ ಗಲ್ಲಾದ ಮೇಲೆ ಗಟ್ಟಿಯಾಗಿ ಕೂತ ಒಬ್ಬರು ನಮ್ಮ ಮಾವ. ಊರು ಉಡುಪಿ ಕಡೆ, ಬದುಕೆಲ್ಲ ಇಲ್ಲಿಯ ಹೋಟೆಲಿನಲ್ಲಿ. ಮೊನ್ನೆ ಅವರ ಅಳಿಯ ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರೊಂದನ್ನು ತಂದು ತೋರಿಸಿದ. “ಬರೀ ಎಪ್ಪತ್ತು ಸಾವಿರ ಓಡಿದ್ದು ಮಾವ.” ಮಾವ ಕಾರನ್ನು ನೋಡಲೇ ಇಲ್ಲ. “ಎಪ್ಪತ್ತು ಸಾವಿರಕ್ಕೆ ಮಾರಿದರು ಅಂದರೆ ಎಪ್ಪತ್ತೊಂದನೇ ಸಾವಿರದಲ್ಲಿ ಏನೋ ಕಾದಿದೆ ಅಂತ ಅರ್ಥ ಮಾರಾಯ” ಎಂದರು.

ಪದ್ಮಿನಿ ಎಷ್ಟು ಓಡಿದ್ದಳು ಎಂದು ಕೇಳಿದರೆ ಯಾರ ಬಳಿಯೂ ಲೆಕ್ಕ ಇರುತ್ತಿರಲಿಲ್ಲ. ಓಡೋಮೀಟರಿನ ಕೇಬಲ್ ತುಂಡಾಗಿ ಅದು ಯಾವುದೋ ಕಾಲದ ಅಂಕಿಯನ್ನು ಹಿಡಿದುಕೊಂಡು ಕೂತಿರುತ್ತಿತ್ತು. ಡ್ರೈವರ್ ಎಡಗಡೆ ಕೈ ಚಾಚಿ ತಿರುಗಿಸುವ ಬಾಡಿಗೆಯ ಮೀಟರ್ ಮಾತ್ರ ಎಂದೂ ನಿಂತದ್ದಿಲ್ಲ. ಕೆಟ್ಟರೂ ಮುಂದಕ್ಕೇ ಕೆಡುತ್ತಿತ್ತು. ಅಂದಾಜು ನಾವೇ ಹಾಕೋಣ. ದಿನಕ್ಕೆ ನೂರು ಕಿಲೋಮೀಟರ್, ವರ್ಷಕ್ಕೆ ಮುನ್ನೂರು ದಿನ, ಇಪ್ಪತ್ತು ವರ್ಷ. ಆರು ಲಕ್ಷ! ಚಂದ್ರನಿಗೆ ಹೋಗಿ, ಅರ್ಧಕ್ಕಿಂತ ಹೆಚ್ಚು ದಾರಿ ವಾಪಸ್ಸು ಬಂದ ಹಾಗಾಯಿತು. ಅದೂ 1089 ಸಿ.ಸಿ.ಯ ಪುಟ್ಟ ಎಂಜಿನ್ನಿನಲ್ಲಿ, ಬಹುಪಾಲು ಫಸ್ಟ್ ಗೇರು ಸೆಕೆಂಡ್ ಗೇರಿನಲ್ಲೇ.

ಲೋಕದಲ್ಲಿ ಇದಕ್ಕಿಂತ ದೊಡ್ಡ ದಾಖಲೆಗಳಿಲ್ಲವೆಂದಲ್ಲ. ಅಮೆರಿಕದ ಇರ್ವ್ ಗಾರ್ಡನ್ ಎಂಬ ಮೇಷ್ಟ್ರು 1966ರಲ್ಲಿ ಕೊಂಡ ಸ್ವೀಡನ್ನಿನ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಗ್ರೀಸಿನ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೋಸ್ ಸಚಿನಿಡಿಸ್ ಅವರ ಮರ್ಸಿಡಿಸ್ 240ಡಿ 46 ಲಕ್ಷ ಕಿಲೋಮೀಟರ್ ಓಡಿ 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ನಡುವೆ ಎಂಜಿನ್ ಹಲವು ಸಲ ಬದಲಾಗಿತ್ತು ಅನ್ನಿ. ಇದನ್ನೆಲ್ಲ ಅಳಿಯ ಹೇಳಿದಾಗ ಮಾವ ಕೇಳಿದ್ದು ಒಂದೇ: “ಅವರು ಜುಲೈ ಮಳೆಗೆ ಮುಳುಗಿದ ಹಿಂದ್‌ಮಾತಾ ದಾಟಿದ್ದರಾ?”

ಪದ್ಮಿನಿ ಸುಖದ ಗಾಡಿ ಎಂದು ಯಾರಾದರೂ ಕಣ್ಣೀರು ಹಾಕಿದರೆ ನಂಬಬೇಡಿ. ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು. ಕಿಟಕಿ ಇಳಿಸುವ ಹಿಡಿ ಇದ್ದರೆ ಅದೃಷ್ಟ. ಕಡಲ ಗಾಳಿಗೆ ತಳ ತುಕ್ಕು ಹಿಡಿದು, ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಡಿ.ಎನ್. ರೋಡಿನ ಡಾಂಬರು ಕಾಣುತ್ತಿತ್ತು. ಹೈಕೋರ್ಟಿನ ಆದೇಶದಿಂದ ಸಿ.ಎನ್.ಜಿ. ಬಂದ ಮೇಲೆ ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿ, ಊರಿಗೆ ಹೊರಟವರ ಗಂಟುಮೂಟೆಯೆಲ್ಲ ತಲೆಯ ಮೇಲಿನ ಕ್ಯಾರಿಯರಿಗೆ ಹೋಯಿತು. ಆದರೂ ಫೋರ್ಟಿಗೆ ಆಟೋರಿಕ್ಷಾ ಬರುವಂತಿಲ್ಲವಲ್ಲ, ಆದ್ದರಿಂದ ಆಗ ನಮಗೂ ಅವಳೇ ಗತಿ, ಅವಳಿಗೂ ನಾವೇ ಗತಿ.

ಹಾಗಾದರೆ ಅಷ್ಟು ವರ್ಷ ಹೇಗೆ ಬಾಳಿದಳು? ಕೆಡಲಿಲ್ಲ ಎಂದೇ? ದಿನಾ ಕೆಡುತ್ತಿದ್ದಳು! ಮೇ ತಿಂಗಳ ಮಧ್ಯಾಹ್ನ ಕಾಳಾ ಘೋಡಾದ ಹತ್ತಿರ ಕೆಮ್ಮಿ ನಿಂತಳೆಂದರೆ ಡ್ರೈವರ್ ಭೈಯಾ ಒಂದು ಬೈಗುಳವೂ ಇಲ್ಲದೆ ಇಳಿಯುತ್ತಿದ್ದ. ಬಾನೆಟ್ ಎತ್ತಿ, ಬಾಟಲಿಯ ನೀರಿನಲ್ಲಿ ಬಟ್ಟೆ ತೋಯಿಸಿ ಪೆಟ್ರೋಲ್ ಪಂಪಿನ ಮೇಲೆ ಹಾಕುತ್ತಿದ್ದ, ಜ್ವರದ ಮಗುವಿನ ಹಣೆಗೆ ತಣ್ಣೀರುಪಟ್ಟಿ ಹಾಕಿದ ಹಾಗೆ. ಎಂಜಿನ್ನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾದರೆ ಪಂಪು ಆವಿಯನ್ನೇ ತಳ್ಳುತ್ತದೆ, ಕಾರ್ಬುರೇಟರಿಗೆ ಏನೂ ತಲುಪುವುದಿಲ್ಲ. ತಣಿದರೆ ಸರಿಹೋಗುತ್ತದೆ. ಅವನು ಬೀಡಿ ಮುಗಿಸುವಷ್ಟರಲ್ಲಿ ಗಾಡಿ ಚಾಲೂ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಒರೆಸಿದರೆ ಆಯಿತು, ಪಾಯಿಂಟು ಸುಟ್ಟರೆ ಮರಳುಕಾಗದದಲ್ಲಿ ಉಜ್ಜಿದರೆ ಆಯಿತು. ದೊಡ್ಡ ರಿಪೇರಿಯಾದರೆ ಕುರ್ಲಾದ ಗ್ಯಾರೇಜು. ಅಲ್ಲಿ ಸತ್ತ ಪದ್ಮಿನಿಯ ಗೇರ್‌ಬಾಕ್ಸು ಬದುಕಿದವಳಿಗೆ, ಬದುಕಿದವಳ ಬಾಗಿಲು ಇನ್ನೊಬ್ಬಳಿಗೆ. ಕೊನೆಗೆ ನಂಬರ್ ಪ್ಲೇಟು ಬಿಟ್ಟು ಹುಟ್ಟಿದಾಗಿನದ್ದು ಏನು ಉಳಿದಿರುತ್ತಿತ್ತೋ ದೇವರೇ ಬಲ್ಲ. ಬಾಳಿಕೆ ಎಂದು ನಾವು ಹೊಗಳುವುದು ಇದನ್ನೇ: ಕೆಟ್ಟದ್ದು ಏನೆಂದು ಕಣ್ಣಿಗೆ ಕಾಣುತ್ತಿತ್ತು, ಪಾನಾ ಹಿಡಿದ ಯಾರ ಕೈಗಾದರೂ ಎಟುಕುತ್ತಿತ್ತು.

ಅವಳನ್ನು ರಸ್ತೆಯಿಂದ ಇಳಿಸಿದ್ದೂ ಎಂಜಿನ್ನಲ್ಲ, ಕಾಗದ. ತಾರ್‌ದೇವ್ ಆರ್.ಟಿ.ಒ.ದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಯ ಆಯುಸ್ಸು 20 ವರ್ಷ ಎಂಬ ನಿಯಮ. 2023ರ ಅಕ್ಟೋಬರ್ 30ಕ್ಕೆ ಅಧ್ಯಾಯ ಮುಗಿಯಿತು.

ಅಳಿಯನ ಕಾರಿನ ಕಥೆ ಬೇರೆ. ಮಾವ ಹೇಳಿದ ಎಪ್ಪತ್ತೊಂದನೇ ಸಾವಿರ ಮುಗಿಯುವ ಮೊದಲೇ ಡಿ.ಎನ್. ರೋಡಿನಲ್ಲಿ ಗೇರ್ ಬೀಳದೆ ನಿಂತಿತು. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು ಅದು. ಜರ್ಮನಿಯ ಹೆದ್ದಾರಿಯಲ್ಲಿ ಬೆಣ್ಣೆ. ನಮ್ಮ ಟ್ರಾಫಿಕ್ಕಿನಲ್ಲಿ ಅಂಗುಲ ಅಂಗುಲ ತೆವಳುವಾಗ ಕ್ಲಚ್ಚು ಉಜ್ಜಿ ಉಜ್ಜಿ ಕಾಯುತ್ತದೆ. ಅಳಿಯ ಬಾನೆಟ್ ಎತ್ತಿದ. ಒಳಗೆ ಕಂಡದ್ದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಅದರ ಮೇಲೆ ಕಂಪನಿಯ ಲಾಂಛನ. ಒದ್ದೆ ಬಟ್ಟೆ ಹಾಕೋಣವೆಂದರೆ ಎಲ್ಲಿಗೆ? ಗಾಡಿ ಟೋವಿಂಗ್ ಲಾರಿಯೇರಿತು. ಕಂಪ್ಯೂಟರ್ ಜೋಡಿಸಿ ನೋಡಿದವರು ಗೇರ್‌ಬಾಕ್ಸಿನ ಮೆದುಳು ಹೋಗಿದೆ, ಪೂರ್ತಿ ಬದಲಾಯಿಸಬೇಕು ಎಂದು ಎಸ್ಟಿಮೇಟ್ ಕೊಟ್ಟರು.

ಆ ಕಾಗದ ಹಿಡಿದುಕೊಂಡು ಅಳಿಯ ಗಲ್ಲಾದ ಮುಂದೆ ನಿಂತ. “ಮಾವ, ಸ್ವಲ್ಪ ಸಾಲ...”

ಮಾವ ಕನ್ನಡಕ ಏರಿಸಿ ಅಂಕಿಯನ್ನು ಎರಡು ಸಲ ಓದಿದರು. “ಲಾಲ್ ಬಹದ್ದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಫಿಯೆಟ್ ತಗೊಳ್ಳಲಿಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದ್ದರು, ಗೊತ್ತುಂಟಾ? ಇಡೀ ಕಾರಿಗೆ 12,000. ಅವರು ತೀರಿಕೊಂಡ ಮೇಲೆ ಹೆಂಡತಿ ಪೆನ್ಷನ್ನಿನಿಂದ ಕಟ್ಟಿದರು.”

“ಗೊತ್ತುಂಟು ಮಾವ.”

“ನಿನ್ನ ಹೆಂಡತಿಗೆ ಪೆನ್ಷನ್ ಉಂಟಾ?”