ಅಟ್ಟದಳಿಲುಗಳ ಬ್ರಹ್ಮಚರ್ಯ ಮೀಮಾಂಸೆ

ಗಂಡಳಿಲೂ ಹೆಣ್ಣಳಿಲೂ ಒಂದೇ ಸೂರಿನಡಿ ಇದ್ದು ಸಂತಾನ ಮಾತ್ರ ಆಗಬಾರದು, ಉಪಾಯವೇನು? ಈ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಲಿಲ್ಲ. ಅವರ ಅಟ್ಟದಲ್ಲಿ ರೇಷ್ಮೆಹುಳ ಗೂಡು ಕಟ್ಟುವ ಹಳೆಯ ಚಂದ್ರಿಕೆಗಳು ಇರಲಿಲ್ಲ. ನಮ್ಮಲ್ಲಿ ನಾಲ್ಕಿವೆ. ಅವುಗಳ ಹಿಂದೆ ತೆಂಗಿನ ನಾರಿನ ಗೂಡು, ಗೂಡಿನಲ್ಲಿ ಎರಡು ಅಳಿಲು. ನಾವು ಸಾಕಿದ್ದೇವೆ ಎಂಬುದು ನಮ್ಮ ವಾದ. ಹುಳುಮನೆಯಿಂದ ಗೂಡು ಕಟ್ಟಲು ಹಣ್ಣಾದ ಹುಳ ಕದ್ದು ಸ್ವಂತ ಸಂಪಾದನೆಯಲ್ಲಿ ಬಾಳುತ್ತಿದ್ದೇವೆ ಎಂಬುದು ಅವುಗಳ ನಡವಳಿಕೆಯಿಂದ ಊಹಿಸಬಹುದಾದ ಪ್ರತಿವಾದ.

ಮೊದಲು ಲಿಂಗನಿರ್ಣಯ. ಶ್ರೀರಾಮನು ಬೆನ್ನು ಸವರಿ ಮೂರು ಗೆರೆ ಮೂಡಿಸಿದ, ಸರಿ. ಗಂಡಿಗೆ ಮೂರು, ಹೆಣ್ಣಿಗೆ ಎರಡು ಎಂದು ಮೂಡಿಸಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಕೂತು ಇಂಥ ಆಕ್ಷೇಪ ಎತ್ತಬಾರದು ನಿಜ. ಆದರೆ ಅದೇ ಬೆಟ್ಟದ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯಿಟ್ಟು ಸುಮ್ಮನಾಗುತ್ತದೆ, 2012ರಲ್ಲಿ ಅದಕ್ಕೊಂದು ಧಾಮವೂ ದಕ್ಕಿತು. ಮಿತಸಂತಾನಿಗಳಿಗೆ ಸರ್ಕಾರದ ಮರ್ಯಾದೆ ಹೀಗೆ.

ರೇಷ್ಮೆಯಲ್ಲಿ ಈ ಲಿಂಗದ ಗೊಂದಲವಿಲ್ಲ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಗೂಡು ಕೊಯ್ದು ಕೋಶವನ್ನು ಹೊರತೆಗೆದು ಬಾಲದ ಕಡೆ ನೋಡುತ್ತಾರೆ. ಎಂಟನೆಯ ಖಂಡದಲ್ಲಿ ಗುಣಾಕಾರ ಚಿಹ್ನೆಯಂಥ ಗೆರೆಯಿದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಬರೀ ಚುಕ್ಕೆಯಿದ್ದರೆ ಗಂಡು. ಈ ಕೆಲಸದಲ್ಲೇ ಬೆರಳು ಸವೆಸಿದ ನನ್ನ ಸೋದರತ್ತೆಗೆ ಕನ್ನಡಕವೂ ಬೇಡ. ಮಾಗಡಿ ಸೀಮೆಯ ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್2 ತಳಿಯ ಗಂಡೇ ಆಗಬೇಕು. ಅಷ್ಟರಲ್ಲಿ ಸ್ವಜಾತಿಯ ಒಬ್ಬ ನುಸುಳಿದನೋ, ಮಿಶ್ರತಳಿ ಕೆಟ್ಟಿತು. ಅಂತರ್ಜಾತಿ ವಿವಾಹಕ್ಕಾಗಿ ಇಷ್ಟು ಕಟ್ಟುನಿಟ್ಟಾಗಿ ಕಾವಲು ಕಾಯುವ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಮೂರು ನಾಲ್ಕು ಗಂಟೆಯ ದಾಂಪತ್ಯ ಮುಗಿದ ಮೇಲೆ ಜೋಡಿಯನ್ನು ಕೈಯಾರೆ ಬಿಡಿಸಿ, ಗಂಡನ್ನು ಮುಂದಿನ ಸಂಬಂಧಕ್ಕೆಂದು ಫ್ರಿಜ್ಜಿನಲ್ಲಿಡುತ್ತಾರೆ. ಹೆಣ್ಣು ನಾನೂರರಷ್ಟು ಮೊಟ್ಟೆಯಿಡುತ್ತದೆ. ಆಮೇಲೆ ಆ ಬಾಣಂತಿಯನ್ನೇ ಅರೆದು, ಪೆಬ್ರಿನ್ ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದಾರಿ ತೋರಿಸಿದವನು ಫ್ರಾನ್ಸಿನ ಪಾಶ್ಚರ್.

ಒಟ್ಟಿಗಿರುವ ಬಯಕೆಗೆ ಈ ಊರಿನಲ್ಲಿ ಬೆಲೆಯೂ ಇಲ್ಲ. ಚಂದ್ರಿಕೆಯಲ್ಲಿ ಇಕ್ಕಟ್ಟಾಗಿ ಎರಡು ಹುಳ ಸೇರಿ ಒಂದೇ ಮನೆ ಕಟ್ಟಿಕೊಂಡರೆ ಅದು ಜೋಡಿಗೂಡು. ಎಳೆಗಳು ಹೆಣೆದುಕೊಂಡಿರುತ್ತವೆ, ನೂಲು ಸಲೀಸಾಗಿ ಬಿಚ್ಚಿಕೊಳ್ಳದು. ರಾಮನಗರದ ಮಾರುಕಟ್ಟೆಯಲ್ಲಿ ರೀಲರ್ ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ ಮುಖ ಸಿಂಡರಿಸುತ್ತಾನೆ. ಒಂಟಿಗೂಡಿನವರ ಗತಿಯೂ ಅಷ್ಟರಲ್ಲೇ ಇದೆ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ನೂಲು ಹಾಳು, ಆದ್ದರಿಂದ ರೆಕ್ಕೆ ಬಲಿಯುವ ಮೊದಲೇ ಸಾಯಿಸಿ, ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಮದುಮಗಳು ಉಟ್ಟ ಧಾರೆ ಸೀರೆಯೆಂದರೆ ಮದುವೆಯಾಗದೆ ಬೆಂದುಹೋದ ಸಾವಿರಾರು ಬ್ರಹ್ಮಚಾರಿಗಳ ಮನೆಗಳು. ಪುರೋಹಿತರಿಗೆ ಇದನ್ನು ಒಮ್ಮೆ ವಿವರಿಸಿದೆ. ಅವರು ಅಕ್ಷತೆ ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟರು.

ಕನಕಪುರದ ಮತ ಬೇರೆ. ಸಂಗಮದತ್ತ ಕಾವೇರಿ ದಡದ ಮರಗಳಲ್ಲಿರುವ ಬೂದು ಬಣ್ಣದ ದೊಡ್ಡಳಿಲು ಬಹುಪಾಲು ಒಂಟಿಯಾಗಿಯೇ ಬಾಳುತ್ತದೆ. ನಮ್ಮ ಅಟ್ಟದವರಿಗೆ ಆ ವೈರಾಗ್ಯವನ್ನು ಬೋಧಿಸಿ ಸೋತೆ. ಚನ್ನಪಟ್ಟಣದವರು ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಅಳಿಲುಗೊಂಬೆ ಜೋಡಿಯನ್ನು ಕಪಾಟಿನಲ್ಲಿಡಿ, ನೂರು ವರ್ಷವಾದರೂ ಎರಡೇ ಎಂದರು. ಅದು ಸಿದ್ಧಾಂತವಲ್ಲ, ವ್ಯಾಪಾರ.

ಇನ್ನು ಔಷಧಪಕ್ಷ. ಸಂತಾನ ನಿಯಂತ್ರಣಕ್ಕೆ 1930ರಲ್ಲೇ ಸರ್ಕಾರಿ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ಪ್ರಜೆಗಳ ಮೊಮ್ಮಕ್ಕಳು ನಾವು. ಆದರೆ ಆ ಚಿಕಿತ್ಸಾಲಯಕ್ಕೆ ಬರುವವರು ಸ್ವಇಚ್ಛೆಯಿಂದ ಬರಬೇಕಿತ್ತು.

ಕೊನೆಗೆ ಉಳಿದದ್ದು ಕೋಠಿ ಪದ್ಧತಿ: ಗಂಡನ್ನು ಬೇರೆ ಮಾಡುವುದು. ಬುಟ್ಟಿ ಸಿದ್ಧವಾಯಿತು, ಅದಕ್ಕೆ ಮುಚ್ಚಳವೂ. ಫ್ರಿಜ್ಜಿನ ಮಾತು ಮನೆಯಲ್ಲಿ ಬಿದ್ದುಹೋಯಿತು. ಯಾವುದು ಗಂಡೆಂದು ಹೇಳಲು ಸೋದರತ್ತೆಯನ್ನು ಕರೆಸಿ ಏಣಿ ಹಿಡಿದು ನಿಂತೆ. ಅತ್ತೆ ಚಂದ್ರಿಕೆ ಸರಿಸಿ, ಬಗ್ಗಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಇಳಿದರು.

"ಎಲ್ಡೂ ಹೆಣ್ಣೇ ಕಣ್ಲಾ. ಒಂದು ಬಸ್ರಿ. ನಿನ್ ಗಂಡು ಆಚೆ ತೆಂಗಿನ್ ಮರ್ದಾಗೆ ಕೂಗ್ತಾವ್ನೆ, ಕೇಳಿಸ್ಕೊ."