ಬಾಕಿ ಇರಲಿ

ಗೋಣಿಬೀಡಿನಲ್ಲಿ ಹೊಸಬರು ಬಸ್ಸಿಳಿದು ಕಾಫಿಗೆಂದು ಹೋಟೆಲಿನಲ್ಲಿ ಕೂತರೆ ಲೋಟ ಬರುವ ಮೊದಲೇ ಪ್ರಶ್ನೆ ಬರುತ್ತದೆ. ಹೆಸರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ. “ಯಾರ ಮನೆ ಕಡೆಗೆ?” ಎನ್ನುತ್ತಾರೆ. ಉತ್ತರ ಕೊಟ್ಟಿರೋ, ನಿಮ್ಮ ಸೋದರಮಾವನ ತೋಟ ಎಷ್ಟು ಎಕರೆ, ಅದರಲ್ಲಿ ಅರೇಬಿಕಾ ಎಷ್ಟು ರೊಬಸ್ಟಾ ಎಷ್ಟು, ನಿಮ್ಮ ಅತ್ತೆಯ ಮಂಡಿನೋವು ಈಗ ಹೇಗಿದೆ, ಅವರ ಮಗ ಬೆಂಗಳೂರಿನ ಕೆಲಸ ಬಿಟ್ಟು ಯಾಕೆ ವಾಪಸ್ ಬಂದ, ಎಲ್ಲವನ್ನೂ ನಿಮಗೇ ತಿಳಿಸಿಬಿಡುತ್ತಾರೆ. ಬ್ಯಾಂಕಿನವರು ಆಧಾರ್, ಪ್ಯಾನ್, ಎರಡು ಫೋಟೊ ಇಸಿದುಕೊಂಡು ದಿನಗಟ್ಟಲೆ ನಡೆಸುವ ಪರಿಚಯದ ಶಾಸ್ತ್ರ ಇಲ್ಲಿ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತದೆ. ಆ ಕಾಫಿಯ ದುಡ್ಡನ್ನೂ ಬಹಳ ಸಲ ಕೇಳಿದವರೇ ಕೊಟ್ಟಿರುತ್ತಾರೆ.

ಇದು ಬರೀ ಕುತೂಹಲ ಎಂದುಕೊಂಡರೆ ತಪ್ಪು. ಮಲೆನಾಡಿನ ಊರು ಬಯಲುಸೀಮೆಯ ಊರಿನಂತಲ್ಲ. ಅಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಒಬ್ಬ ಕೆಮ್ಮಿದರೆ ನಾಲ್ಕು ಮನೆಯವರು ನಿದ್ದೆಗೆಡುತ್ತಾರೆ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗದ್ದೆಬಯಲು, ಒಂದು ಹಳ್ಳ, ಮತ್ತು ಬಹಳ ಕಡೆ ಒಂದು ಹಳೆಯ ಬೇಲಿ ಜಗಳ. ಜೂನ್ ಕಳೆದು ಮಳೆ ಹಿಡಿದರೆ ಬಲ್ಲಾಳರಾಯನ ದುರ್ಗದ ಕಡೆಯಿಂದ ಹೇಮಾವತಿ ಕೆಂಪಾಗಿ ಬರುತ್ತಾಳೆ, ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಫೋನೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಕರೆದರೆ ಬರುವವರು ಯಾರು ಎಂಬುದು ಮನುಷ್ಯನ ನಿಜವಾದ ಆಸ್ತಿ. ಪಕ್ಕದಲ್ಲೇ ಇರುವ ಅಂಗಡಿ ಎಂಬ ಊರೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಕತೆಯ ಪ್ರಕಾರ ಅಲ್ಲಿ ಹುಲಿ ಬಂದಾಗ ಜೈನಮುನಿ ಸುದತ್ತರು ಮಾಡಿದ್ದೂ ಇಷ್ಟೇ: ಹತ್ತಿರ ಇದ್ದ ಸಳನನ್ನು ಕೂಗಿದರು. ಸಳ ಅವತ್ತು ಬೇರೆ ಊರಿನ ಮದುವೆಗೆ ಹೋಗಿದ್ದರೆ ಬೇಲೂರಿನ ದೇವಸ್ಥಾನ ನೋಡುವ ಭಾಗ್ಯ ನಮಗಿರುತ್ತಿರಲಿಲ್ಲ.

ಕಾಫಿ ಬೆಳೆಯುವವನ ಹಣಕಾಸು ವಿಚಿತ್ರ. ದುಡ್ಡು ಬರುವುದು ವರ್ಷಕ್ಕೊಮ್ಮೆ, ಹೋಗುವುದು ದಿನವೂ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ, ವ್ಯಾಪಾರಿಯ ಹತ್ತಿರ ಓಟಿ ನೋಡಿಸಿ, ಅಂದರೆ 50 ಕೆಜಿ ಚೆರ್ರಿಗೆ ಬೇಳೆ ಎಷ್ಟು ಕೆಜಿ ಇಳಿಯುತ್ತದೆ ಎಂದು ಅಳೆಸಿ, ದುಡ್ಡು ಕೈಗೆ ಬರುವಾಗ ಮರಗಸಿ, ಗೊಬ್ಬರ, ಬೋರ್ಡೋ ಎಂದು ಅದು ಆಗಲೇ ಹಂಚಿಹೋಗಿರುತ್ತದೆ. ಹಿಂದೆ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಇತ್ತು. 1940ರ ದಶಕದಿಂದ 1990ರ ದಶಕದ ನಡುವಿನವರೆಗೂ ಬೆಳೆಗಾರ ಕಾಫಿಯನ್ನು ಬೋರ್ಡಿಗೆ ಹಾಕಿ, ಹಣ ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದ. ಎಷ್ಟೋ ಹೆಣ್ಣುಮಕ್ಕಳ ಮದುವೆ ಮುಹೂರ್ತ ಜೋಯಿಸರ ಪಂಚಾಂಗದಲ್ಲಿ ಅಲ್ಲ, ಬೋರ್ಡಿನ ಕಂತಿನಲ್ಲಿ ಕೂಡಿಬಂದದ್ದು. ಈಗ ಬೋರ್ಡಿನ ಕಾಯುವಿಕೆ ಹೋಗಿ ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಯ ಏರಿಳಿತ ಬಂದಿದೆ. ಈ ಶತಮಾನದ ಆರಂಭದಲ್ಲಿ ಕೊಯ್ಲಿನ ಕೂಲಿಗೂ ಸಾಲದ ಬೆಲೆ ಕಂಡವರೇ 2024ರಿಂದೀಚೆಗೆ ಬ್ರೆಜಿಲ್, ವಿಯೆಟ್ನಾಂ ಬರಗಾಲದ ಪುಣ್ಯದಿಂದ ಜೀಪು ಬದಲಾಯಿಸಿದರು.

ಬೆಲೆ ಇದ್ದರೂ ಇಲ್ಲದಿದ್ದರೂ ಜುಲೈ, ಆಗಸ್ಟ್‌ನಲ್ಲಿ ಕೈ ಖಾಲಿಯೇ. ಆಗ ಹುಟ್ಟುವುದು ಕೈಸಾಲ. ಇದಕ್ಕೆ ಕಾಗದ ಇಲ್ಲ, ಬಡ್ಡಿ ಇಲ್ಲ, ನೇರ ಮಾತೂ ಇಲ್ಲ. ಚಿಕ್ಕಪ್ಪನ ಮನೆಗೆ ಹೋಗಿ ಮಳೆಯ ವಿಷಯ, ಕೊಳೆರೋಗದ ವಿಷಯ, ಕಾಂಡಕೊರಕದ ವಿಷಯ ಮಾತಾಡಿ, ಅಕ್ಕಿರೊಟ್ಟಿ ತಿಂದು, ಹೊರಡುವಾಗ ಅಂಗಳದಲ್ಲಿ ಛತ್ರಿ ಬಿಚ್ಚುತ್ತಾ, “ಚಿಕ್ಕಪ್ಪಾ, ಒಂದು ಸ್ವಲ್ಪ...” ಎನ್ನಬೇಕು. ಛತ್ರಿ ಬಿಚ್ಚದೆ ಕೇಳುವುದು ಅಸಭ್ಯತೆ. ಯಾವಾಗ ವಾಪಸ್ ಎಂದು ಅವರು ಕೇಳುವುದಿಲ್ಲ. “ಹೂಮಳೆ ಆದಮೇಲೆ ನೋಡುವಾ” ಎಂದು ನಾವೇ ಹೇಳಬೇಕು. ಮಾರ್ಚಿನಲ್ಲಿ ಹದವಾಗಿ ಮಳೆ ಬಿದ್ದು, ಹೂವರಳಿ, ಕಾಯಿ ಕಚ್ಚಿದರೆ ಆ ಮಾತಿಗೆ ಬೆಲೆ. ಮಳೆ ಕೈಕೊಟ್ಟರೆ ಸಾಲ ಕೊಟ್ಟವರ ತೋಟದಲ್ಲೂ ಹೂವಿಲ್ಲ. ಆದ್ದರಿಂದ ಕೇಳಲು ಅವರಿಗೂ ಮುಖವಿಲ್ಲ. ಇಷ್ಟು ನ್ಯಾಯವಾದ ಸಾಲದ ಕರಾರನ್ನು ಯಾವ ವಕೀಲನೂ ಬರೆದಿಲ್ಲ.

ಕಾಗದ ಬೇಕಾಗುವುದು ಸೊಸೈಟಿಯಲ್ಲಿ. ಅಲ್ಲಿ ಜಾಮೀನು ಎಂಬ ಮಹಾಪರೀಕ್ಷೆ ಇದೆ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮದೇ ನಾಡಿನಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ಕಾಲದ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಮುಳುಗಿದರೆ ಎಲ್ಲರೂ ಹೊಣೆ. ಅಂದರೆ ಸಾಲ ಕೊಡುವ ಮೊದಲು ಕೇಳಿದವನ ಜಮೀನಿಗಿಂತ ಹೆಚ್ಚಾಗಿ ಅವನ ಗುಣ, ಅವನ ಕುಡಿತ, ಅವನ ಹೆಂಡತಿಯ ಬುದ್ಧಿವಂತಿಕೆ ಗೊತ್ತಿರಬೇಕಿತ್ತು. ಇವತ್ತೂ ಜಾಮೀನಿಗೆ ಸಹಿ ಹಾಕುವವನು ಮಾಡುವುದು ಅದೇ ಲೆಕ್ಕ. ಬಾವನಿಗೆ ಸಹಿ ಹಾಕದಿದ್ದರೆ ತಂಗಿ ಮಾತು ಬಿಡುತ್ತಾಳೆ. ಹಾಕಿದರೆ ಹೆಂಡತಿ ಮಾತು ಬಿಡುತ್ತಾಳೆ. ನಾನು ನೋಡಿದ ಮಟ್ಟಿಗೆ ಗಂಡಸರು ಮೊದಲನೆಯದಕ್ಕೇ ಹೆಚ್ಚು ಹೆದರುತ್ತಾರೆ. ಎರಡನೆಯದು ಅಭ್ಯಾಸವಾಗಿರುತ್ತದೆ.

ಇದೆಲ್ಲದರ ಹಿಂದೆ ಇರುವ ರಿಸರ್ವ್ ಬ್ಯಾಂಕ್ ಎಂದರೆ ನಮ್ಮ ದೊಡ್ಡಮ್ಮನ ಟ್ರಂಕಿನೊಳಗಿನ ಮುಯ್ಯಿ ಪುಸ್ತಕ. ಯಾರ ಮದುವೆಗೆ ಯಾರು ಎಷ್ಟು ಹಾಕಿದರು, ಯಾರ ಗೃಹಪ್ರವೇಶಕ್ಕೆ ಯಾರು ಅಕ್ಕಿ ಕಳಿಸಿದರು, ಯಾರು ಬರಿಗೈಯಲ್ಲಿ ಬಂದು ಮೂರು ಹೊತ್ತು ಉಂಡು ಹೋದರು, ಎಲ್ಲ ಅದರಲ್ಲಿ ಇದೆ. ಬರಿಗೈಯವರ ಹೆಸರಿನ ಮುಂದೆ ಏನೂ ಬರೆದಿಲ್ಲ, ಆದರೆ ಆ ಖಾಲಿ ಜಾಗವನ್ನು ದೊಡ್ಡಮ್ಮ ಓದುವ ಧ್ವನಿಯೇ ಬೇರೆ. ಈ ಪುಸ್ತಕದ ನಿಯಮ ಸರಳ: ಬಂದಷ್ಟನ್ನೇ ತಿರುಗಿಸಬಾರದು. ಐನೂರು ಬಂದಿದ್ದರೆ ಐನೂರೇ ಹಾಕಿದರೆ ಅದು ಲೆಕ್ಕ ಚುಕ್ತಾ ಮಾಡಿದಂತೆ, ಅಂದರೆ ಮುಂದೆ ನಿಮ್ಮ ಸಹವಾಸ ಬೇಡ ಎಂದಂತೆ. ಸ್ವಲ್ಪ ಮೇಲೆ ಹಾಕಬೇಕು. ಆಗ ಅವರು ಬಾಕಿ. ಮುಂದೆ ಅವರು ಇನ್ನೂ ಸ್ವಲ್ಪ ಮೇಲೆ ಹಾಕುತ್ತಾರೆ. ಆಗ ನಾವು ಬಾಕಿ. ಗದ್ದೆ ನಾಟಿಯ ಮುಯ್ಯಾಳಿನಲ್ಲೂ ಇದೇ ಕತೆ. ನಮ್ಮ ಗದ್ದೆಗೆ ಅವರು, ಅವರ ಗದ್ದೆಗೆ ನಾವು. ಮಧ್ಯಾಹ್ನದ ಊಟದಲ್ಲಿ ಯಾರು ಹೆಚ್ಚು ಬಡಿಸಿದರು ಎಂಬ ಬಾಕಿಯೂ ಸೇರಿ. ಈಗ ಗದ್ದೆಗಳು ಪಾಳು ಬಿದ್ದು ಮುಯ್ಯಾಳು ಕಡಿಮೆಯಾಗಿದೆ, ಆದರೆ ಪುಸ್ತಕ ಮುಚ್ಚಿಲ್ಲ.

ಹೆಂಗಸರಿಗೆ ಈ ವಿದ್ಯೆ ಮೊದಲೇ ಬರುತ್ತಿದ್ದುದರಿಂದ ಸ್ವಸಹಾಯ ಸಂಘಗಳು ಬಂದಾಗ ಕಷ್ಟವಾಗಲಿಲ್ಲ. ಘಟ್ಟದ ಕೆಳಗಿನ ಬೆಳ್ತಂಗಡಿಯಲ್ಲಿ 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಘಟ್ಟ ಹತ್ತಿ ಮೇಲೆ ಬಂತು. 2000ದ ಹೊತ್ತಿಗೆ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳೂ ಬಂದವು. ವಾರದ ಮೀಟಿಂಗಿನಲ್ಲಿ ಕಂತು ಕಟ್ಟುವುದು ಹತ್ತು ನಿಮಿಷ; ಉಳಿದದ್ದು ಸಮಾಚಾರ. ಗಂಡಸರು ಇದನ್ನು ಹರಟೆ ಎನ್ನುತ್ತಾರೆ. ಆದರೆ ಒಬ್ಬಳು ಕಟ್ಟದಿದ್ದರೆ ಮಿಕ್ಕವರೇ ಕಟ್ಟಬೇಕಾದಲ್ಲಿ, ಒಬ್ಬಳ ಕಾಲು ಊದಿದ್ದನ್ನು ಮಿಕ್ಕವರು ಕಣ್ಣಿಟ್ಟು ನೋಡುತ್ತಾರೆ. “ಎಂಥ ಮಾರಾಯ್ತಿ ಕಾಲು ಹೀಂಗಾಗಿದೆ, ಶುಗರ್ ನೋಡ್ಸಿದ್ಯಾ?” ಎಂಬ ಮಾತು ಹುಟ್ಟಿದ್ದು ಕಂತಿನ ಭಯದಿಂದಲೋ ಪ್ರೀತಿಯಿಂದಲೋ ಎಂದು ಬಿಡಿಸುವುದು ಕಷ್ಟ. ಬಿಡಿಸುವ ಅಗತ್ಯವೂ ಇಲ್ಲ. ಅವಳು ಮಾರನೇ ದಿನ ಆಸ್ಪತ್ರೆಗೆ ಹೋದಳಲ್ಲ!

ಹಣದ ಸಂಘವೇ ಆರೋಗ್ಯಕ್ಕೂ ದಾರಿಯಾಗಬಹುದು ಎಂದು ಸರ್ಕಾರಕ್ಕೂ ಒಮ್ಮೆ ಹೊಳೆಯಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯಲ್ಲಿ ಸಹಕಾರ ಸಂಘದ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಪರೇಷನ್ನೂ ಆಗುತ್ತಿತ್ತು. ನಡುವೆ ನಿಂತುಹೋದ ಯೋಜನೆಯನ್ನು ಮತ್ತೆ ಶುರು ಮಾಡಿದ್ದಾರೆ. ಆದರೆ ಕಾರ್ಡು ಆಪರೇಷನ್ ಮಾಡಿಸುತ್ತದೆ, ಜೊತೆಗೆ ಮಲಗುವುದಿಲ್ಲ. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಒಂದೋ ಹಾಸನ, ಇಲ್ಲ ಚಾರ್ಮಾಡಿ ಇಳಿದು ಮಂಗಳೂರು. ಜೀಪು ಯಾರದು, ಓಡಿಸುವವರು ಯಾರು, ಅಲ್ಲಿ ರಾತ್ರಿ ಬೆಂಚಿನ ಮೇಲೆ ಮಲಗುವವರು ಯಾರು, ಇಲ್ಲಿ ಹಸು ಕರೆಯುವವರು ಯಾರು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಡಾಕ್ಟರ ಪ್ರಶ್ನೆ. ಸೇರಿಸಿಕೊಳ್ಳುವ ಫಾರಂನಲ್ಲಿ “ರೋಗಿಗೆ ನಿಮ್ಮ ಸಂಬಂಧ” ಎಂದು ಒಂದು ಸಾಲು ಇರುತ್ತದೆ. ಅತ್ತಿಗೆಯ ತಮ್ಮನ ಷಡ್ಡಕ ಅದನ್ನು ತುಂಬಿಸಲು ಹೋಗಿ, ಜಾಗ ಸಾಲದೆ, “ಬೇಕಾದವರು” ಎಂದು ಬರೆದು ಕೊಟ್ಟಿದ್ದನ್ನು ನಾನು ಕಂಡಿದ್ದೇನೆ. ನರ್ಸಮ್ಮ ಒಂದು ಕ್ಷಣ ನೋಡಿ ಸೀಲು ಒತ್ತಿದರು.

ರೋಗಿಯನ್ನು ನೋಡಲು ಬರುವವರ ದಂಡು ಬೇರೆ. ಒಬ್ಬರು ಎಳನೀರು, ಒಬ್ಬರು ಬ್ರೆಡ್ಡು, ಒಬ್ಬರು ಇಂಥದ್ದೇ ಕಾಯಿಲೆಯಲ್ಲಿ ತೀರಿಹೋದ ಮೂವರ ಕತೆ ತರುತ್ತಾರೆ. ಆದರೂ ಇದರಿಂದ ಗುಣವಿದೆ ಎಂದು ಅಮೆರಿಕದವರು ದುಡ್ಡು ಖರ್ಚು ಮಾಡಿ ಕಂಡುಕೊಂಡಿದ್ದಾರೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರವನ್ನು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಸಂಬಂಧಗಳಿರುವವರು ಬದುಕಿ ಉಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚು ಎಂದು ಕಂಡರು. ಹಾರ್ವರ್ಡಿನಲ್ಲಿ 1938ರಿಂದ ಒಂದು ಅಧ್ಯಯನ ನಡೆಯುತ್ತಲೇ ಇದೆ. ಅದನ್ನು ನಡೆಸುವ ರಾಬರ್ಟ್ ವಾಲ್ಡಿಂಜರ್ ಹೇಳುವ ಪ್ರಕಾರ ಎಂಬತ್ತರಲ್ಲಿ ಯಾರು ಗಟ್ಟಿಮುಟ್ಟಾಗಿರುತ್ತಾರೆ ಎಂಬುದನ್ನು ಐವತ್ತರ ಕೊಲೆಸ್ಟ್ರಾಲ್ ತಿಳಿಸಲಿಲ್ಲ, ಐವತ್ತರಲ್ಲಿ ಅವರ ಸಂಬಂಧಗಳು ಹೇಗಿದ್ದವು ಎಂಬುದು ತಿಳಿಸಿತು. ಇದನ್ನು ನಾನು ದೊಡ್ಡಮ್ಮನಿಗೆ ಹೇಳಬಾರದಿತ್ತೇನೋ. ಅಂದಿನಿಂದ ಶುಗರ್ ಇರುವ ನೆಂಟರ ಎಲೆಗೂ, “ಒಂದು ಹೋಳಿಗೆಗೆ ಏನೂ ಆಗಲ್ಲ, ಅಮೆರಿಕದವರೇ ಹೇಳಿದ್ದಾರೆ” ಎಂದು ತುಪ್ಪ ಸಮೇತ ಬಡಿಸುತ್ತಾರೆ. ಸಂಬಂಧ ಆಯಸ್ಸು ಹೆಚ್ಚಿಸುವುದು ನಿಜ; ಊಟದ ಹೊತ್ತಿನಲ್ಲಿ ಅಷ್ಟು ಖಾತ್ರಿಯಿಲ್ಲ.

ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರುಗಳೂ ಈ ಬೆಟ್ಟಗಳಲ್ಲಿ ಇವೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವವರು, ಈಚೆಗೆ ಅಸ್ಸಾಂನಿಂದ ಕೊಯ್ಲಿಗೆ ಬಂದವರು. ಅವರ ಬಾಕಿ ಬರೆದಿರುವುದು ಮೇಸ್ತ್ರಿಯ ಅಥವಾ ರೈಟರ ಪುಸ್ತಕದಲ್ಲಿ, ಮುಂಗಡ ಎಂಬ ಹೆಸರಿನಲ್ಲಿ. ಅದು ಒಂದೇ ಕಡೆಗೆ ಬೆಳೆಯುವ ಬಾಕಿ. ಒಮ್ಮೆ ನೀನು, ಒಮ್ಮೆ ನಾನು ಎಂಬುದು ಅಲ್ಲಿಲ್ಲ. ಅಂಥ ಮನೆಯಲ್ಲಿ ಜ್ವರ ಬಂದರೆ ಕರೆದರೆ ಕೇಳುವಷ್ಟು ದೂರದಲ್ಲಿ ಇರುವವರು ಪಕ್ಕದ ಲೈನಿನವರು ಮಾತ್ರ, ಅವರ ಬಳಿ ಜೀಪಿಲ್ಲ. ನಮ್ಮವರು, ಬೇಕಾದವರು ಎಂಬ ಬೆಚ್ಚನೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಬೇಲಿ ಎಲ್ಲಿ ನಿಲ್ಲುತ್ತದೆ ಎಂದೂ ನೋಡಬೇಕು. ಮುಯ್ಯಿಯನ್ನು ಬಿಡಲಾಗದ ನಾವು ಅವರ ಮನೆಯ ಮದುವೆಗೆ ಹೋಗಿ ಉಂಡು ಬಾಕಿಯಾಗಿದ್ದೇವೆಯೇ?

ಬೇಲಿ ಲೆಕ್ಕಕ್ಕಿಡದ ಜೀವಿ ಎಂದರೆ ಆನೆ. ಗೋಣಿಬೀಡು, ಮೂಡಿಗೆರೆ ಕಡೆ ಈಗ ಹುಲಿಯ ಸರದಿ ಮುಗಿದು ಆನೆಯದು ನಡೆಯುತ್ತಿದೆ. ಸರ್ಕಾರ ಆನೆ ಕಾರ್ಯಪಡೆ ಮಾಡಿದೆ. ಊರಿನವರು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ನನಗೆ ಗೊತ್ತು. ತಮ್ಮ ಗುಂಪಿನಲ್ಲಿ ಅಣ್ಣನ ಹೆಸರು ಹೇಳದೆ, “ಮೇಲಿನ ತೋಟದವರು ಹೊರಗೆ ಬರಬೇಡಿ, ಹಲಸಿನ ಮರದ ಹತ್ತಿರ ಇದೆ” ಎಂದು ಹಾಕುತ್ತಾನೆ. ಅಣ್ಣ ಯಾರಿಗೂ ಅಲ್ಲ ಎಂಬಂತೆ ಕೈಮುಗಿದ ಚಿತ್ರ ಹಾಕುತ್ತಾನೆ. ಪಂಚಾಯಿತಿಗೆ ಕೂತ ಹಿರಿಯರಿಗೆ ಆಗದ ಕೆಲಸವನ್ನು ಒಂದು ಒಂಟಿ ಸಲಗ ಅರ್ಧ ಮಾಡಿದೆ.

ಈಚೆಗೆ ಫೋನಿನಲ್ಲೇ ದುಡ್ಡು ಹೋಗುವುದರಿಂದ ಬಾಕಿ ಇಟ್ಟುಕೊಳ್ಳುವುದು ಕಷ್ಟವಾಗುತ್ತಿದೆ. ಬೆಂಗಳೂರು ಬಿಟ್ಟು ತೋಟಕ್ಕೆ ಬಂದ ಹುಡುಗನೊಬ್ಬ ಕೊಯ್ಲಿನ ಕೂಲಿಗೆಂದು ಚಿಕ್ಕಪ್ಪನ ಹತ್ತಿರ ಕೈಸಾಲ ಮಾಡಿದ್ದ. ಮೂಟೆ ಮಾರಿದ ದಿನವೇ ಅಸಲು ಕಳಿಸಿ, ಬ್ಯಾಂಕಿನ ದರದಲ್ಲಿ ಬಡ್ಡಿಯನ್ನೂ ಪೈಸೆ ಸಮೇತ ಸೇರಿಸಿದ. ಚಿಕ್ಕಪ್ಪನಿಗೆ ಸಿಟ್ಟೇ ಸಿಟ್ಟು. “ನಾನೇನು ಬ್ಯಾಂಕಾ ಮಾರಾಯ?” ಎಂದು ಬಡ್ಡಿಯನ್ನು ವಾಪಸ್ ಹಾಕಿದರು. ಅವನು ಮತ್ತೆ ಕಳಿಸಿದ. ಅವರು ಮತ್ತೆ ವಾಪಸ್ ಮಾಡಿದರು. ಸಿಗ್ನಲ್ ಇರುವಷ್ಟು ಹೊತ್ತು ಆ ದುಡ್ಡು ಎರಡು ತೋಟದ ನಡುವೆ ಓಡಾಡಿತು. ಕೊನೆಗೆ ದೊಡ್ಡಮ್ಮ ಇಬ್ಬರನ್ನೂ ಕರೆದು ತೀರ್ಪು ಕೊಟ್ಟರು: ಬಡ್ಡಿ ಚಿಕ್ಕಪ್ಪನ ಹತ್ತಿರವೇ ಇರಲಿ, ಹುಡುಗನ ಮದುವೆಗೆ ಅದರ ಮೇಲೆ ಇನ್ನಷ್ಟು ಸೇರಿಸಿ ಮುಯ್ಯಿ ಹಾಕಲಿ. ಪುಸ್ತಕದಲ್ಲಿ ಬರೆದೂ ಆಯಿತು. ತೋಟದಲ್ಲಿರುವ ಹುಡುಗರಿಗೆ ಹೆಣ್ಣು ಕೊಡಲು ನಮ್ಮ ಕಡೆಯವರೇ ಹಿಂದೆಮುಂದೆ ನೋಡುತ್ತಾರೆ, ಆದ್ದರಿಂದ ಈ ಬಾಕಿ ಬಹಳ ಕಾಲ ಬಾಳುವ ಲಕ್ಷಣವಿದೆ. ಚಿಕ್ಕಪ್ಪ ಮಾತ್ರ ಈಗ ಸಿಕ್ಕಿದವರನ್ನೆಲ್ಲ, “ನಿಮ್ಮ ಕಡೆ ಹೆಣ್ಣು ಇದ್ದರೆ ಹೇಳಿ, ಸ್ವಲ್ಪ ಅರ್ಜೆಂಟು” ಎಂದು ಕೇಳುತ್ತಿದ್ದಾರೆ.