ಮನೆಯ ಹೊಗೆ, ಪರರ ಹೊಣೆ: ಒಂದು ಇಂಗಾಲ ಮೀಮಾಂಸೆ

ಬೆಂಗಳೂರಿನ ಯಾವ ಮಧ್ಯಮವರ್ಗದ ಮನೆಯೂ ವಾತಾವರಣಕ್ಕೆ ಒಂದು ಗ್ರಾಂ ಇಂಗಾಲವನ್ನೂ ಸೇರಿಸುತ್ತಿಲ್ಲ ಎಂದು ಸಾಧಿಸುವುದೇ ಈ ಪ್ರಬಂಧದ ಗುರಿ. ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷ. 14.2 ಕೆ.ಜಿ. ಅನಿಲದ ಒಂದು ಸಿಲಿಂಡರ್ ಪೂರ್ತಿ ಉರಿದರೆ ಹೆಚ್ಚುಕಡಿಮೆ 42 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದೇಶದ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕೆ.ಜಿ., ಒಂದು ಲೀಟರ್ ಪೆಟ್ರೋಲಿನ ಹಿಂದೆ 2.3 ಕೆ.ಜಿ. ಇರುತ್ತದೆ. ತಿಂಗಳಿಗೊಂದು ಸಿಲಿಂಡರ್, 150 ಯೂನಿಟ್ ಕರೆಂಟು, ಸ್ಕೂಟರಿಗೆ 20 ಲೀಟರ್ ಎಂದಿಟ್ಟುಕೊಂಡರೆ 42, 105, 46. ಕೂಡಿದರೆ 193 ಕೆ.ಜಿ. ಹೈಸ್ಕೂಲು ಹುಡುಗ ಬಾಯಲ್ಲೇ ಮಾಡಬಹುದಾದ ಈ ಗುಣಾಕಾರದಲ್ಲಿ ಪಾಂಡಿತ್ಯಕ್ಕೆ ಜಾಗವೇ ಇಲ್ಲ. ಪಾಂಡಿತ್ಯ ಬೇಕಾಗುವುದು ಈ 193 ಯಾರ ತಲೆಗೆ ಎಂಬ ಪ್ರಶ್ನೆ ಎದ್ದಾಗ. ಸಿಲಿಂಡರಿನ ಆ 42ರಲ್ಲೇ ಸುಮಾರು 30 ಕೆ.ಜಿ. ಬರೀ ಆಮ್ಲಜನಕ. ಅದು ಗಾಳಿಯಿಂದ ಪಡೆದದ್ದು, ಗಾಳಿಗೇ ಮರಳಿಸಿದ್ದು. ಸಾಲ ತೀರಿಸಿದವನನ್ನು ಅಪರಾಧಿ ಎನ್ನುವ ಶಾಸ್ತ್ರ ಇನ್ನೂ ಹುಟ್ಟಿಲ್ಲ.

ಇಂಥ ವಾದಕ್ಕೆ ಪ್ರಮಾಣವೇನು ಎಂದು ಕೇಳುವವರಿಗೆ ಶಿಷ್ಟಾಚಾರವೇ ಪ್ರಮಾಣ. ನಿಮ್ಮ ಮನೆಯ ಇಂಗಾಲದ ಹೆಜ್ಜೆಗುರುತು ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ ಎಂದು 2000ರ ದಶಕದಲ್ಲಿ ಜಾಹೀರಾತು ಕೊಟ್ಟು ಜನಸಾಮಾನ್ಯರಿಗೆ ಈ ವಿದ್ಯೆ ಕಲಿಸಿದ್ದು ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. ಕಂಪನಿಗಳ ಸ್ವಂತ ಲೆಕ್ಕಕ್ಕಾದರೋ ಮೂರು ವ್ಯಾಪ್ತಿಗಳಿವೆ: ತಾನೇ ಸುಟ್ಟದ್ದು ಮೊದಲನೆಯದು, ಕೊಂಡ ಕರೆಂಟಿನದು ಎರಡನೆಯದು, ಹಿಂದೆ ಮುಂದೆ ಉಳಿದದ್ದೆಲ್ಲ ಮೂರನೆಯದು. ಈ ಮೂರನೆಯದನ್ನು ಹೇಳುವುದೂ ಬಿಡುವುದೂ ಮೂಲ ಪದ್ಧತಿಯಲ್ಲಿ ಅವರವರ ಇಷ್ಟ. ತೈಲ ಕಂಪನಿಗೆ ಬಹುಪಾಲು ಹೊಗೆ ಇರುವುದು ಇದೇ ಮೂರನೆಯದರಲ್ಲಿ, ಅಂದರೆ ಅದು ಮಾರಿದ ಎಣ್ಣೆ ಉರಿಯುವ ನಿಮ್ಮ ಸ್ಕೂಟರಿನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಚಿಕಿತ್ಸೆ ಲೋಕಮಾನ್ಯವಾಗಿರುವಾಗ, ಎಮ್ಮೆಯೂ ಮುಂದೊಂದು ಎಮ್ಮೆಯನ್ನು ಹುಡುಕಿಕೊಳ್ಳಬಾರದೇಕೆ? ಇದನ್ನು ಪ್ರಸ್ತುತ ಪ್ರಬಂಧ ಹಸ್ತಾಂತರ ನ್ಯಾಯ ಎಂದು ಕರೆಯುತ್ತದೆ.

ನ್ಯಾಯವನ್ನು ಅನ್ವಯಿಸೋಣ. ನೌಕರರ ಓಡಾಟ ಕಂಪನಿಯ ಮೂರನೇ ವ್ಯಾಪ್ತಿಗೆ ಸೇರುತ್ತದೆಂದು ಆ ಪದ್ಧತಿಯಲ್ಲೇ ಬರೆದಿರುವುದರಿಂದ ಆಫೀಸಿಗೆ ಹೋದ ಪೆಟ್ರೋಲು ಆಫೀಸಿನದು. ಮಗನನ್ನು ಬಿಟ್ಟುಬಂದದ್ದು ಟ್ಯೂಷನ್ನಿನವರದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಲ್ಲೇ ಉರಿದದ್ದು ಮುಂದಿನ ಗಾಡಿಯವನದು. ಕರೆಂಟಿನ ವಿಷಯ ಇನ್ನೂ ಸುಲಭ. ಮಧ್ಯಾಹ್ನ ತಿರುಗಿದ ಗ್ರೈಂಡರಿಗೆ ಪಾವಗಡದ ಬಿಸಿಲು, ಮಳೆಗಾಲದ ದೀಪಕ್ಕೆ ಶರಾವತಿಯ ನೀರು. ಮುಂಜಾನೆಯ ಗೀಸರಿಗೆ ಮಾತ್ರ ರಾಯಚೂರಿನ ಕಲ್ಲಿದ್ದಲೆನ್ನಬೇಕು. ಹೊಗೆ ಹೊರಟದ್ದು ಅಲ್ಲಿನ ಚಿಮಣಿಯಿಂದ, ಬಚ್ಚಲಿನಿಂದಲ್ಲ. ಇಷ್ಟಕ್ಕೂ ಒಪ್ಪದವರು ಗೃಹಜ್ಯೋತಿಯ ಬಿಲ್ಲು ನೋಡಲಿ. ಹಿಂದಿನ ಸರಾಸರಿಗೆ ಶೇ 10 ಸೇರಿಸಿದ ಮಿತಿಯೊಳಗೆ, 200 ಯೂನಿಟ್ ದಾಟದೆ ಬಳಸಿದ ಮನೆಗೆ ಕೊಡಬೇಕಾದದ್ದು ಸೊನ್ನೆ ಎಂದು ಅಚ್ಚಾಗಿಯೇ ಬರುತ್ತದೆ. ಸರ್ಕಾರವೇ ಸೊನ್ನೆ ಎಂದ ಮೇಲೆ ವಿಜ್ಞಾನ ಬೇರೆ ಅಂಕಿ ಹೇಳುವುದು ಉದ್ಧಟತನ.

ಉಳಿದದ್ದು ಕುಕ್ಕರ್, ಇಲ್ಲಿಯೇ ಶಾಸ್ತ್ರದ ನಿಜವಾದ ಗಂಟು. ಅಡಿಯಲ್ಲಿ ತೊಗರಿಬೇಳೆ, ಅದರ ಮೇಲೆ ಅಕ್ಕಿ, ತುದಿಯ ತಟ್ಟೆಯಲ್ಲಿ ಆಲೂಗಡ್ಡೆ. ಉರಿ ಒಂದೇ, ಮೂರು ವಿಷಲ್ಲಿಗೆ ಮೂರೂ ಬೇಯುತ್ತವೆ. ಯಾವ ವಿಷಲ್ಲಿನ ಹೊಗೆ ಯಾವುದರದು? ಐ.ಎಸ್.ಒ. 14044 ಎಂಬ ಅಂತರರಾಷ್ಟ್ರೀಯ ಮಾನಕದ ಮೊದಲ ಸಲಹೆ, ಸಾಧ್ಯವಿದ್ದರೆ ಹಂಚುವ ಗೋಜಿಗೇ ಹೋಗದೆ ಪ್ರಕ್ರಿಯೆಯನ್ನೇ ಬಿಡಿಸಿ ನೋಡಿ ಎಂಬುದು. ಅದನ್ನು ಅಡುಗೆಮನೆಯಲ್ಲಿ ಅಕ್ಷರಶಃ ಪಾಲಿಸಿದರೆ ಮೂರು ಸಲ ಕುಕ್ಕರ್ ಇಡಬೇಕು. ಲೆಕ್ಕ ಸ್ಫಟಿಕದಷ್ಟು ಸ್ವಚ್ಛವಾಗುತ್ತದೆ, ಗ್ಯಾಸು ಬೇಗ ಮುಗಿಯುತ್ತದೆ. ತೂಕದ ಮೇಲೆ ಹಂಚೋಣವೆಂದರೆ ಬೆಂದ ಅನ್ನದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ನೀರು, ಅದೂ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ. ಆ ಪಾಲು ಸಲೀಸಾಗಿ ಜಲಮಂಡಳಿಗೆ ಹೋಗುತ್ತದೆ. ಬೆಲೆಯ ಮೇಲೆ ಹಂಚಿದರೆ ತೊಗರಿಯ ದರ ಏರಿದ ವಾರ ಬೇಳೆಯ ಇಂಗಾಲವೂ ಏರಿ, ಇಳಿದ ವಾರ ಅನ್ನ ಪಾಪಿಯಾಗುತ್ತದೆ. ಬರ್ನರಿನ ಉರಿ ಮಾತ್ರ ಎರಡೂ ವಾರ ಅಷ್ಟೇ. ಹೀಗಾಗಿ ಉಂಡವರ ಮೇಲೆ ಹಂಚುವುದೇ ನಿರ್ದುಷ್ಟ ಮಾರ್ಗ. ಹೇಳದೆ ಕೇಳದೆ ಊಟದ ಹೊತ್ತಿಗೇ ಬರುವ ನೆಂಟರಿಗೆ ಈ ನಗರದಲ್ಲಿ ಕೊರತೆಯಿಲ್ಲವಾದ್ದರಿಂದ ಸಿಲಿಂಡರ್ ಕೂಡ ಖುಲಾಸೆ.

ಆಕ್ಷೇಪ: ಎಲ್ಲ ಮನೆಗಳೂ ಸೊನ್ನೆ, ಎಲ್ಲ ಕಂಪನಿಗಳೂ ಸೊನ್ನೆಯ ಹಾದಿಯಲ್ಲಿ ಎಂದಾದರೆ, ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ದಶಲಕ್ಷ ಭಾಗಕ್ಕೆ ಸುಮಾರು 315 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿರುವುದು ಹೇಗೆ? ಸಮಾಧಾನ: ಆ ಹೆಚ್ಚಳಕ್ಕೆ ವಾರಸುದಾರರಿಲ್ಲ. ಎಲ್ಲರ ಲೆಕ್ಕವೂ ತಾಳೆಯಾಗಿರುವಾಗ ಗಾಳಿಯ ಲೆಕ್ಕವೊಂದೇ ತಾಳೆಯಾಗದಿದ್ದರೆ ಗಾಳಿಯನ್ನೇ ಆಡಿಟ್ ಮಾಡಿಸಬೇಕು. 2070ಕ್ಕೆ ನಿವ್ವಳ ಶೂನ್ಯ ತಲುಪುತ್ತೇನೆಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ನಮ್ಮ ಮನೆಗಳು ಪೆನ್ನೊಂದರ ಬಲದಿಂದಲೇ ಇವತ್ತು ಅಲ್ಲಿ ಕೂತಿವೆ.

ಎರಡನೆಯ ಆಕ್ಷೇಪ ಒಲೆಯ ಮುಂದೆ ನಿಂತವರದು, ಹೆಚ್ಚು ತೊಡಕಿನದು. ಬೇಳೆಯನ್ನು ಅರ್ಧ ಗಂಟೆ ಮೊದಲೇ ನೆನೆಹಾಕಿದರೆ ಬೇಗ ಬೇಯುತ್ತದೆ, ಸ್ನಾನಕ್ಕೆ ಬೇಕಾದಷ್ಟೇ ನೀರು ಕಾಯಿಸಿದರೆ ಗೀಸರು ಬೇಗ ಆರುತ್ತದೆ, ಟ್ಯೂಷನ್ನಿಗೆ ಹುಡುಗ ನಡೆದೇ ಹೋಗಬಹುದು. 193 ಯಾರದಾದರೂ ಆಗಲಿ, 150ಕ್ಕೆ ಇಳಿದರೆ ಸಾಲದೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಳವಾಗಿ ಕಂಡರೂ ಅಪಾಯಕಾರಿ. ಕಡಿಮೆ ಮಾಡಿದೆವೆಂದು ಹೇಳಿದ ಕ್ಷಣ ಮೊದಲು ಇತ್ತೆಂದು ಒಪ್ಪಿಕೊಂಡಂತೆ. ಸೊನ್ನೆಯಿಂದ ಕಳೆಯುವುದಕ್ಕೆ ಏನಿದೆ? ಆದುದರಿಂದ ಸಿದ್ಧಾಂತ ಉಳಿಯಬೇಕಾದರೆ ಬೇಳೆ ನೆನೆಹಾಕಕೂಡದು.